ಒಂದು ಅಡುಗೆಮನೆ, ಎರಡು ನೈವೇದ್ಯ

ಬಸವೇಶ್ವರನಗರದಲ್ಲಿರುವ ನಮ್ಮ ದೊಡ್ಡಪ್ಪನ ಮನೆಯಲ್ಲಿ 2024ರಲ್ಲಿ ನಡೆದ ಸಂಗತಿ ಇದು. ದೊಡ್ಡಮ್ಮ ಮತ್ತು ಅವರ ಮಗ ಇಬ್ಬರೂ ಓದಿ, ಒಪ್ಪಿದ ಮೇಲೆಯೇ ಹೊರಗೆ ಕೊಡುತ್ತಿದ್ದೇನೆ. ಹೆಸರು ಬೇಡ ಅಂದರು, ಹಾಕಿಲ್ಲ. ನಾನು ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುವವಳು. ಹೊಸ ಧಾರ್ಮಿಕ ಚಳವಳಿಗಳ ಪಾಠ ಬಂದಾಗಲೆಲ್ಲ ಬೋರ್ಡಿನ ಮೇಲೆ ನಡುವೆ ಗೆರೆ ಎಳೆದು, ಆ ಕಡೆ ಒಂದು ಪಂಥ, ಈ ಕಡೆ ಒಂದು ಪಂಥ ಬರೆದು ಹೋಲಿಸಿ ತೋರಿಸುತ್ತಿದ್ದೆ. ಅದೇ ಗೆರೆಯನ್ನು ಈ ಮನೆಯ ಊಟದ ಮೇಜಿನ ಮೇಲೂ ಎಳೆದೆ. ಅದರಿಂದ ಆದದ್ದೇನು ಎಂಬುದೇ ಈ ಪ್ರಕರಣ.

ಮನೆ ಮಾಧ್ವರದು. ದೊಡ್ಡಪ್ಪ ಬ್ಯಾಂಕಿನಿಂದ ನಿವೃತ್ತರಾದವರು. ಪ್ರಥಮ ಏಕಾದಶಿಗೆ ಮಠದಲ್ಲಿ ಸಾಲಿನಲ್ಲಿ ನಿಂತು ಮುದ್ರೆ ಹಾಕಿಸಿಕೊಂಡು ಬರುತ್ತಿದ್ದರು. ಬೆಳಗ್ಗೆ ಗೋಪೀಚಂದನ, ಅಂಗಾರ, ಅಕ್ಷತೆ ತಪ್ಪುತ್ತಿರಲಿಲ್ಲ. ದೊಡ್ಡಮ್ಮ 2005ರಲ್ಲಿ ನೆರೆಮನೆಯವರ ಜೊತೆ ಬ್ರಹ್ಮಾಕುಮಾರಿಯರ ಏಳು ದಿನದ ಕೋರ್ಸಿಗೆ ಹೋದರು, ಎಂಟನೆಯ ದಿನವೂ ಹೋದರು, ಆಮೇಲೆ ಬಿಡಲೇ ಇಲ್ಲ. ಮಗ ಸಾಫ್ಟ್‌ವೇರ್ ಕೆಲಸದವನು. 2018ರಲ್ಲಿ ಆಫೀಸಿನ ಗೆಳೆಯನ ಜೊತೆ ರಾಜಾಜಿನಗರದ ಹರೇಕೃಷ್ಣ ಗುಡ್ಡದಲ್ಲಿರುವ ಇಸ್ಕಾನ್ ದೇವಸ್ಥಾನಕ್ಕೆ ಭಾನುವಾರದ ಕಾರ್ಯಕ್ರಮಕ್ಕೆ ಹೋಗಿ, ವರ್ಷ ತುಂಬುವುದರೊಳಗೆ ಕೊರಳಿಗೆ ತುಳಸಿಮಣಿ ಹಾಕಿಕೊಂಡ. ನೆಂಟರ ಬಾಯಲ್ಲಿ ಇಬ್ಬರದೂ ಒಂದೇ ಕಥೆ: "ತಾಯಿ ಮಗ ಇಬ್ಬರೂ ಸೇರ್ಕೊಂಡ್ಬಿಟ್ರಂತೆ." ಎಲ್ಲಿಗೆ, ಯಾವುದಕ್ಕೆ ಎಂದು ಯಾರೂ ಬಿಡಿಸಿ ಕೇಳಲಿಲ್ಲ.

ಹೊರಗಿನಿಂದ ನೋಡಿದವರಿಗೆ ಹಾಗನ್ನಿಸಿದರೆ ತಪ್ಪಿಲ್ಲ. ಇಬ್ಬರೂ ನಾಲ್ಕು ಗಂಟೆಗೆ ಏಳುವವರು. ದೊಡ್ಡಮ್ಮನಿಗೆ ಅದು ಅಮೃತವೇಳೆ. ತಮ್ಮ ಕೋಣೆಯಲ್ಲಿ ಸಣ್ಣ ಕೆಂಪು ದೀಪ ಹಾಕಿಕೊಂಡು, ಕಣ್ಣು ತೆರೆದೇ ಕೂತು ರಾಜಯೋಗ ಮಾಡುತ್ತಾರೆ. ಆಮೇಲೆ ಸೆಂಟರಿಗೆ ಹೋಗಿ ಮುರಳಿ, ಅಂದರೆ ಆ ದಿನದ ಉಪದೇಶ, ಕೇಳಿ ಬರುತ್ತಾರೆ. ಮಗನಿಗೆ ಅದು ಬ್ರಾಹ್ಮೀ ಮುಹೂರ್ತ. ಸ್ನಾನ ಮಾಡಿ, ಮೂಗಿನ ಮೇಲೆ ತುಳಸಿ ಎಲೆಯ ಆಕಾರ ಬರುವಂತೆ ತಿಲಕವಿಟ್ಟು, ಜಪದ ಚೀಲದಲ್ಲಿ ಕೈಯಿಟ್ಟು ತಾರಸಿಯಲ್ಲಿ ಶತಪಥ ಹಾಕುತ್ತಾನೆ. ಹದಿನಾರು ಮಾಲೆ, ಮಾಲೆಗೆ 108, ಒಟ್ಟು 1,728 ಸಲ ಮಹಾಮಂತ್ರ. ಸುಮಾರು ಎರಡು ಗಂಟೆ ಹಿಡಿಯುತ್ತದೆ. ಇಬ್ಬರಿಗೂ ಈರುಳ್ಳಿ ಬೆಳ್ಳುಳ್ಳಿ ಇಲ್ಲ, ಹೋಟೆಲ್ ಇಲ್ಲ, ಮದುವೆ ಮನೆ ಊಟವೂ ಇಲ್ಲ. ಬ್ರಹ್ಮಚರ್ಯದ ಮಾತು ಇಬ್ಬರ ಕಡೆಯೂ ಗಟ್ಟಿ. ಬ್ರಹ್ಮಾಕುಮಾರಿಯರಲ್ಲಿ ಅದು ಗಂಡಹೆಂಡತಿಗೂ ಅನ್ವಯ. ಇಸ್ಕಾನಿನಲ್ಲಿ ಗೃಹಸ್ಥರಿಗೆ ಸಂತಾನಕ್ಕಾಗಿ ಮಾತ್ರ ವಿನಾಯಿತಿ.

ಎದ್ದು ಕಾಣುವ ವ್ಯತ್ಯಾಸವಿದ್ದದ್ದು ಕಾಫಿಯಲ್ಲಿ. ದೊಡ್ಡಮ್ಮ ಕುಡಿಯುತ್ತಾರೆ. ಮಗ, ಮಾದಕ ವಸ್ತು ಕೂಡದೆಂಬ ನಿಯಮದಲ್ಲಿ ಕಾಫಿ ಟೀ ಎರಡೂ ಸೇರುತ್ತವೆಂದು ಬಿಟ್ಟ. ದೊಡ್ಡಪ್ಪನಿಗೆ ಹೆಂಡತಿಯ ಬಿಳಿ ಸೀರೆ ಅಭ್ಯಾಸವಾಗಿತ್ತು, ಮಗನ ಜಪದ ಚೀಲವೂ ಅಭ್ಯಾಸವಾಯಿತು. ಇದೊಂದು ಮಾತ್ರ ಕೊನೆಯತನಕ ನೋಯಿಸಿತು. "ಅವನು ಯಾವ ದೇವರನ್ನಾದ್ರೂ ನಂಬ್ಲಿ ಪುಟ್ಟಿ, ಬೆಳಗ್ಗೆ ನನ್ನ ಜೊತೆ ಒಂದು ಲೋಟ ಕಾಫಿ ಕುಡಿಯೋದನ್ನ ಯಾಕೆ ಬಿಡ್ಬೇಕಿತ್ತು?" ಎಂದು ಒಮ್ಮೆ ನನ್ನನ್ನು ಕೇಳಿದ್ದರು. ನನ್ನ ಬಳಿ ಉತ್ತರ ಇರಲಿಲ್ಲ.

ಈ ಎರಡು ಪಂಥಗಳು ಹುಟ್ಟಿದ ಬಗೆಯನ್ನು ಒಂದಿಷ್ಟು ಹೇಳಬೇಕು. ಬ್ರಹ್ಮಾಕುಮಾರಿಯರದು ಸಿಂಧ್ ಪ್ರಾಂತದ ಹೈದರಾಬಾದಿನಲ್ಲಿ 1930ರ ದಶಕದಲ್ಲಿ ಹುಟ್ಟಿದ್ದು. ವಜ್ರದ ವ್ಯಾಪಾರಿ ಲೇಖರಾಜ ಕೃಪಲಾನಿಯವರಿಗೆ ದರ್ಶನಗಳಾದವು, ಸತ್ಸಂಗ ಶುರುವಾಯಿತು, ಓಂ ಮಂಡಳಿ ಎಂಬ ಹೆಸರು ಬಂತು. ಬಂದವರಲ್ಲಿ ಹೆಚ್ಚಿನವರು ಹೆಂಗಸರು. ವ್ಯಾಪಾರಕ್ಕೆಂದು ದೂರದೂರ ಹೋಗುತ್ತಿದ್ದ ಗಂಡಂದಿರು ಮನೆಗೆ ಬಂದಾಗ ಹೆಂಡತಿಯರು ಬ್ರಹ್ಮಚರ್ಯ ಎಂದರು. ಊರು ಸಿಡಿದೆದ್ದಿತು. 1938ರಲ್ಲಿ ಮಂಡಳಿಯ ವಿರುದ್ಧ ಸಮಿತಿಯೇ ಹುಟ್ಟಿತು. ಅವರು ಕರಾಚಿಗೆ ಹೋಗಿ, ದೇಶವಿಭಜನೆಯಾದ ಮೇಲೆ 1950ರಲ್ಲಿ ಮೌಂಟ್ ಅಬುವಿಗೆ ಬಂದು ನೆಲೆಸಿದರು. ಲೇಖರಾಜರು ಆಡಳಿತವನ್ನೂ ಆಸ್ತಿಯನ್ನೂ ಮೊದಲಿನಲ್ಲೇ ಹೆಂಗಸರ ಕೈಗೆ ಒಪ್ಪಿಸಿದ್ದರು. ಓಂ ರಾಧೆ, ಆಮೇಲೆ ದಾದಿ ಪ್ರಕಾಶಮಣಿ, 2020ರಲ್ಲಿ 104ನೆಯ ವಯಸ್ಸಿನಲ್ಲಿ ತೀರಿಕೊಂಡ ದಾದಿ ಜಾನಕಿ, ಹೀಗೆ ಮುಂದೆ ನಿಂತು ನಡೆಸಿದವರೆಲ್ಲ ಹೆಂಗಸರೇ. ಮಡಿ ಉಟ್ಟು ಅಡುಗೆ ಮಾಡಿ, ಗಂಡಸರ ಪಂಕ್ತಿ ಎದ್ದ ಮೇಲೆ ಉಂಡು ಬೆಳೆದ ದೊಡ್ಡಮ್ಮನಿಗೆ, ಗದ್ದುಗೆಯ ಮೇಲೆ ಕೂತು ಜ್ಞಾನ ಹೇಳುವ ಅಕ್ಕಂದಿರನ್ನು ಕಂಡಾಗ ಏನನ್ನಿಸಿರಬೇಕು! ಅವರನ್ನು ಅಲ್ಲಿ ಹಿಡಿದು ನಿಲ್ಲಿಸಿದ್ದು ಸಿದ್ಧಾಂತಕ್ಕಿಂತ ಮೊದಲು ಈ ನೋಟವೇ ಎಂದು ನನಗೆ ಅನ್ನಿಸುತ್ತದೆ.

ಇಸ್ಕಾನಿನದು ಹಡಗಿನ ಕಥೆ. 1896ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಭಕ್ತಿವೇದಾಂತ ಸ್ವಾಮಿ ಪ್ರಭುಪಾದರು 1965ರಲ್ಲಿ, ಅರವತ್ತೊಂಬತ್ತನೆಯ ವಯಸ್ಸಿನಲ್ಲಿ, ಜಲದೂತ ಎಂಬ ಸರಕು ಹಡಗಿನಲ್ಲಿ ಅಮೆರಿಕಕ್ಕೆ ಹೋದರು. ಮರುವರ್ಷ ನ್ಯೂಯಾರ್ಕಿನಲ್ಲಿ ಸಂಸ್ಥೆ ಸ್ಥಾಪಿಸಿದರು. 1977ರಲ್ಲಿ ವೃಂದಾವನದಲ್ಲಿ ದೇಹ ಬಿಟ್ಟರು. ಹರೇಕೃಷ್ಣ ಗುಡ್ಡದ ದೇವಸ್ಥಾನ 1997ರದು, ಶಾಲೆ ಮಕ್ಕಳಿಗೆ ಮಧ್ಯಾಹ್ನದ ಊಟ ಕೊಡುವ ಅಕ್ಷಯಪಾತ್ರ 2000ದಲ್ಲಿ ಶುರುವಾದದ್ದು. ಬೆಂಗಳೂರಿನವರಿಗೆ ಇದನ್ನು ವಿವರಿಸಬೇಕಿಲ್ಲ.

ಈಗ ಎರಡರ ನಂಬಿಕೆಗೆ ಬರುತ್ತೇನೆ. ಇಲ್ಲಿರುವ ಸೋಜಿಗವೆಂದರೆ ಎರಡೂ ಕಡೆ ಅವೇ ಅಂಕಿಗಳು ಬರುತ್ತವೆ, ಅರ್ಥ ಮಾತ್ರ ಪೂರಾ ಬೇರೆ. ಐದು ಸಾವಿರವನ್ನೇ ತೆಗೆದುಕೊಳ್ಳಿ. ದೊಡ್ಡಮ್ಮನ ಲೆಕ್ಕದಲ್ಲಿ ಇಡೀ ಕಾಲಚಕ್ರವೇ 5,000 ವರ್ಷ, ಯುಗಕ್ಕೆ 1,250ರಂತೆ. ಚಕ್ರ ಮುಗಿದ ಮೇಲೆ ಮತ್ತೆ ಮೊದಲಿನಿಂದ, ಒಂದು ಹೆಜ್ಜೆಯೂ ಬದಲಾಗದಂತೆ ತಿರುಗುತ್ತದೆ. ಇದನ್ನು ಅವರು ಡ್ರಾಮಾ ಎನ್ನುತ್ತಾರೆ. ಮಗನ ಲೆಕ್ಕದಲ್ಲಿ 5,000 ವರ್ಷ ಅಂದರೆ ಕಲಿಯುಗದಲ್ಲಿ ಈವರೆಗೆ ಕಳೆದದ್ದಷ್ಟೇ. 4,32,000 ವರ್ಷದ ಕಲಿಯುಗದಲ್ಲಿ ಇನ್ನೂ 4,27,000ದಷ್ಟು ಬಾಕಿ ಇದೆ. 84ರ ಮಾತೂ ಹಾಗೆಯೇ. ತಾಯಿಗೆ ಮನುಷ್ಯಾತ್ಮ ಮನುಷ್ಯನಾಗಿಯೇ ಹುಟ್ಟುವುದು, ಒಂದು ಚಕ್ರದಲ್ಲಿ ಹೆಚ್ಚೆಂದರೆ 84 ಜನ್ಮ. ಮಗನಿಗೆ 84 ಲಕ್ಷ ಯೋನಿ, ಹುಳವೂ ಆಗಬಹುದು, ಮರವೂ ಆಗಬಹುದು. 108 ಮಣಿ ಅವನಿಗೆ ಬೆರಳಲ್ಲಿ ಎಣಿಸುವ ಜಪಮಾಲೆ. ಅವರಿಗೆ ಮಣಿ ಎಣಿಸುವ ಕೆಲಸವಿಲ್ಲ. ಮಾಲೆ ಎಂದರೆ ಪುರುಷಾರ್ಥದಲ್ಲಿ ಗೆದ್ದ 108 ಆತ್ಮಗಳ ನೆನಪು. ಆತ್ಮ ಅತಿ ಸೂಕ್ಷ್ಮ ಎಂಬುದನ್ನು ಇಬ್ಬರೂ ಒಪ್ಪುತ್ತಾರೆ. ಜೀವ ಅಣು ಎನ್ನುವ ಮಧ್ವಮತದ ದೊಡ್ಡಪ್ಪನೂ ಒಪ್ಪುತ್ತಿದ್ದರು. ಆದರೆ ದೊಡ್ಡಮ್ಮನಿಗೆ ಅದು ಹುಬ್ಬುಗಳ ನಡುವಿನ ಬೆಳಕಿನ ಬಿಂದು, ಮಗನಿಗೆ ಕೂದಲಿನ ತುದಿಯ ಹತ್ತು ಸಾವಿರದಲ್ಲೊಂದು ಪಾಲಿನಷ್ಟಾಗಿ ಹೃದಯದಲ್ಲಿ ಇರುವಂಥದ್ದು.

ನಿಜವಾದ ಕಂದರ ಇರುವುದು ಕೃಷ್ಣನಲ್ಲಿ. ಮನೆಯ ಹಜಾರದಲ್ಲಿ ಬೆಣ್ಣೆ ಹಿಡಿದ ಬಾಲಕೃಷ್ಣನ ಪಟವೊಂದಿದೆ, ದೊಡ್ಡಪ್ಪನ ತಾಯಿಯ ಕಾಲದ್ದು. ಮೂವರಿಗೂ ಅದು ಇಷ್ಟ. ಮಗನಿಗೆ ಅವನು ಸ್ವಯಂ ಭಗವಂತ, "ಕೃಷ್ಣಸ್ತು ಭಗವಾನ್ ಸ್ವಯಂ" ಎಂಬ ಭಾಗವತದ ಮಾತೇ ಅವನ ಮತದ ಬುಡ. ದೊಡ್ಡಮ್ಮನಿಗೆ ಕೃಷ್ಣ ಸತ್ಯಯುಗದ ಮೊದಲ ರಾಜಕುಮಾರ. ಅತಿ ಪವಿತ್ರ, ಅತಿ ಸುಂದರ, ಆದರೆ ದೇವರಲ್ಲ, 84 ಜನ್ಮವನ್ನೂ ತೆಗೆದುಕೊಳ್ಳುವ ಆತ್ಮ. ಆ ಆತ್ಮವೇ ಕೊನೆಯ ಜನ್ಮದಲ್ಲಿ ಲೇಖರಾಜರಾಗಿ, ಬ್ರಹ್ಮಾಬಾಬಾ ಆದದ್ದು ಎಂದು ಅವರ ನಂಬಿಕೆ. ಪರಮಾತ್ಮ ಎಂದರೆ ದೇಹವಿಲ್ಲದ ಬೆಳಕಿನ ಬಿಂದು, ಶಿವಬಾಬಾ. ಹಾವು ಜಟೆಯ ಶಂಕರ ಬೇರೆ, ಈ ಶಿವ ಬೇರೆ. ಗೀತೆಯನ್ನು ಹೇಳಿದವನು ಕೃಷ್ಣನಲ್ಲ, ಶಿವ. ಹೇಳಿದ್ದು ಕುರುಕ್ಷೇತ್ರದ ರಥದಲ್ಲಲ್ಲ, ಕಲಿಯುಗ ಮುಗಿದು ಸತ್ಯಯುಗ ಹುಟ್ಟುವ ಸಂಗಮದಲ್ಲಿ, ಬ್ರಹ್ಮಾಬಾಬಾರ ದೇಹವನ್ನು ರಥ ಮಾಡಿಕೊಂಡು. ದೇವರಿಗೆ ರೂಪವಿಲ್ಲ ಎನ್ನುವುದೇ ಮಗನ ಮತದಲ್ಲಿ ದೊಡ್ಡ ಅಪಚಾರ. ಕೃಷ್ಣನನ್ನು ದೇವರೆನ್ನುವುದೇ ತಾಯಿಯ ಮತದಲ್ಲಿ ಲೋಕದ ದೊಡ್ಡ ಮರೆವು.

ಇಷ್ಟು ದೊಡ್ಡ ಕಂದರದ ಎರಡು ದಡದಲ್ಲಿ ಕೂತ ತಾಯಿ ಮಗ ಆರು ವರ್ಷ ಒಂದು ಸಲವೂ ಜಗಳವಾಡಿರಲಿಲ್ಲ. ಹೇಗೆ ಎಂದು ನಾನು ಆಗ ಕೇಳಲಿಲ್ಲ. ಕೇಳಬೇಕಿತ್ತು.

2023ರಲ್ಲಿ ದೊಡ್ಡಪ್ಪ ತೀರಿಕೊಂಡರು. ಕೊನೆಯ ರಾತ್ರಿ ಆಸ್ಪತ್ರೆಯಲ್ಲಿ ಮೂವರೂ ಇದ್ದೆವು. ಮಗ ಫೋನನ್ನು ಅಪ್ಪನ ಕಿವಿಯ ಹತ್ತಿರ ಇಟ್ಟು ಸಣ್ಣ ದನಿಯಲ್ಲಿ ಪ್ರಭುಪಾದರ ಕೀರ್ತನೆ ಹಾಕಿದ. ದೊಡ್ಡಮ್ಮ ಮಂಚದ ಕಾಲಿನ ಕಡೆ ಕೂತು, ಗಂಡನ ಹಣೆಯನ್ನೇ ನೋಡುತ್ತ, ಅವರ ಪಂಥದಲ್ಲಿ ನೋಟದಿಂದಲೇ ಮಾಡುವ ಧ್ಯಾನದಂತೆ, ದೃಷ್ಟಿ ಕೊಡುತ್ತಿದ್ದರು. ಕಣ್ಣು ಮಿಟುಕಿಸುತ್ತಿರಲಿಲ್ಲ. ಒಬ್ಬರದು ಇನ್ನೊಬ್ಬರಿಗೆ ಅಡ್ಡಿ ಆಗಲಿಲ್ಲ. ಹದಿಮೂರನೆಯ ದಿನ ಎಲ್ಲ ಮುಗಿದ ಮೇಲೆ ದೊಡ್ಡಮ್ಮ ನನಗೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ಐದು ಸಾವಿರ ವರ್ಷಕ್ಕೆ ಮತ್ತೆ ಇದೇ ಮನೆ, ಇದೇ ಮನುಷ್ಯ ಕಣೇ. ಮತ್ತೆ ಇವರನ್ನೇ ಮದುವೆ ಆಗ್ತೀನಿ. ಡ್ರಾಮಾದಲ್ಲಿ ಬರೆದಿದೆ." ಅದೇ ಹೊತ್ತಿಗೆ ಮಗ ಪಕ್ಕದ ಕೋಣೆಯಲ್ಲಿ, ಅಪ್ಪ ಇನ್ನೆಂದೂ ಹುಟ್ಟದಿರಲಿ ಎಂದು ಜಪ ಮಾಡುತ್ತಿದ್ದ.

ವರ್ಷಾಬ್ದಿಕ ಹತ್ತಿರ ಬಂದಾಗ ನಮ್ಮ ಸೋದರತ್ತೆ ಫೋನ್ ಮಾಡಿದರು. "ಇಬ್ಬರೂ ಶ್ರಾದ್ಧ ಬೇಡ ಅಂತಾರೆ, ನೀನು ಓದಿದವಳು, ಬಂದು ಬುದ್ಧಿ ಹೇಳು." ಹೋದೆ. ವಿಚಿತ್ರವೆಂದರೆ ಇಬ್ಬರೂ ಒಂದೇ ತೀರ್ಮಾನಕ್ಕೆ ಎದುರುಬದುರು ದಾರಿಯಲ್ಲಿ ಬಂದಿದ್ದರು. ದೊಡ್ಡಮ್ಮ ಅಂದರು, "ಅವರು ಎಲ್ಲಿ ಹಸ್ಕೊಂಡು ಕೂತಿದ್ದಾರೆ? ಇಷ್ಟೊತ್ತಿಗೆ ಯಾವುದೋ ತಾಯಿ ಹಾಲು ಕುಡಿಸ್ತಿರ್ತಾಳೆ. ನಾನು ಗುರುವಾರ ಸೆಂಟರಲ್ಲಿ ಅವರ ಹೆಸರಲ್ಲಿ ಬಾಬಾಗೆ ಭೋಗ್ ಇಡಿಸ್ತೀನಿ, ಸಾಕು." ಮಗ ಭಾಗವತದ ಹನ್ನೊಂದನೆಯ ಸ್ಕಂಧ ತೆಗೆದ. "ಮುಕುಂದನಿಗೆ ಪೂರ್ತಿ ಶರಣಾದವನಿಗೆ ದೇವಋಣ, ಪಿತೃಋಣ ಯಾವುದೂ ಇರಲ್ಲ ಅಕ್ಕ. ಕೃಷ್ಣನಿಗೆ ನೈವೇದ್ಯ ಮಾಡಿ ಪ್ರಸಾದ ಹಂಚಿದ್ರೆ ಅಪ್ಪನಿಗೆ ಅದಕ್ಕಿಂತ ಹೆಚ್ಚಿನದೇನೂ ಬೇಡ." ಆದರೆ ದೊಡ್ಡಪ್ಪ ತಮಗೆ ಏನು ಬೇಕೆಂದು ಅತ್ತೆಯ ಹತ್ತಿರ ಸ್ಪಷ್ಟವಾಗಿ ಹೇಳಿದ್ದರು: ಆಚಾರ್ರು ಬರಬೇಕು, ಪಿಂಡ ಆಗಬೇಕು, ಎಳ್ಳುಂಡೆ ವಡೆ ಆಗಬೇಕು. ಅದನ್ನು ಕೇಳಿ ಇಬ್ಬರೂ ತಕ್ಷಣ ಒಪ್ಪಿದರು. ಅಲ್ಲಿಗೆ ನಾನು ಎದ್ದು ಬರಬೇಕಿತ್ತು.

ಬರಲಿಲ್ಲ. ಇವರಿಬ್ಬರೂ ಒಬ್ಬರನ್ನೊಬ್ಬರು ಅರ್ಥ ಮಾಡಿಕೊಳ್ಳಲಿ ಎಂಬ ಆಸೆಯಿಂದ, ಪಾಠದಲ್ಲಿ ಮಾಡುವಂತೆ ಒಂದು ದೊಡ್ಡ ಹಾಳೆಯ ಮೇಲೆ ಪಟ್ಟಿ ಬರೆದೆ. ದೇವರು, ಆತ್ಮ, ಕಾಲ, ಗೀತೆ. ಆಮೇಲೆ ಆಹಾರ ಎಂಬ ಸಾಲು. ತಾಯಿಯ ಕಡೆ ಬರೆದೆ: ಬಾಬಾ ನೆನಪಿನಲ್ಲಿ ಅಡುಗೆ, ಅವರಿಗೆ ಅರ್ಪಿಸಿ ಊಟ. ಮಗನ ಕಡೆ ಬರೆದೆ: ಕೃಷ್ಣನಿಗೆ ಅರ್ಪಿಸಿ ಪ್ರಸಾದ.

ಮಗ ಆ ಸಾಲಿನ ಮೇಲೆ ಬೆರಳಿಟ್ಟು ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ ತಾಯಿಯನ್ನು ಕೇಳಿದ, "ಅಮ್ಮ, ದಿನಾ ನಾನು ತಟ್ಟೆಗೆ ತೆಗೆಯೋಕೆ ಮುಂಚೆನೇ ಅರ್ಪಣೆ ಆಗಿರುತ್ತಾ?"

ಆಗಿರುತ್ತಿತ್ತು. ಆರು ವರ್ಷದಿಂದ ಆ ಅಡುಗೆಮನೆ ನಡೆದುಬಂದದ್ದು ಹೀಗೆ: ದೊಡ್ಡಮ್ಮ ಒಲೆಯ ಮುಂದೆ ನಿಂತೇ, ಪಾತ್ರೆಯ ಮುಚ್ಚಳ ತೆಗೆದು, ಒಂದು ಗಳಿಗೆ ಮೌನವಾಗಿ ಬಾಬಾನಿಗೆ ಒಪ್ಪಿಸುತ್ತಿದ್ದರು. ಗಂಟೆ ಇಲ್ಲ, ಮಂತ್ರ ಇಲ್ಲ. ನೋಡಿದವರಿಗೆ ಉಪ್ಪು ಸರಿಯಿದೆಯೇ ಎಂದು ಯೋಚಿಸುತ್ತಿದ್ದಾರೆ ಅನ್ನಿಸಬೇಕು. ಹತ್ತು ನಿಮಿಷಕ್ಕೆ ಮಗ ಬಂದು ಬೆಳ್ಳಿ ಬಟ್ಟಲಿಗೆ ಬಡಿಸಿ, ತುಳಸಿ ಹಾಕಿ, ತನ್ನ ಮಂಟಪದ ಮುಂದೆ ಗಂಟೆ ಬಾರಿಸುತ್ತಿದ್ದ. ಅವನ ಲೆಕ್ಕದಲ್ಲಿ ಅದು ಯಾರಿಗೂ ಇಡದ ಅಡುಗೆ. ಅವರ ಲೆಕ್ಕದಲ್ಲಿ ಅದು ಆಗಲೇ ಭೋಗ್. ಇಬ್ಬರೂ ನಿಷ್ಠೆಯಿಂದಲೇ ಇದ್ದರು, ಇಬ್ಬರೂ ಕೇಳಿರಲಿಲ್ಲ. ಮಾಧ್ವರಲ್ಲೂ, ಇಸ್ಕಾನ್ ಸೇರಿದ ಚೈತನ್ಯ ಮಹಾಪ್ರಭುಗಳ ಗೌಡೀಯ ಪಂಥದವರಲ್ಲೂ ವಿಷ್ಣುವಿಗೆ ನೈವೇದ್ಯವಾದದ್ದನ್ನು ಬೇರೆಯವರಿಗೆ ಕೊಡಬಹುದು. ಬೇರೆಯವರಿಗೆ ಇಟ್ಟದ್ದನ್ನು ವಿಷ್ಣುವಿಗೆ ಇಡುವಂತಿಲ್ಲ. ಆರು ವರ್ಷ ತಾನು ಕೃಷ್ಣನಿಗೆ ಏನು ಇಟ್ಟೆ ಎಂಬ ಯೋಚನೆ ಅವನನ್ನು ಹಿಡಿಯಿತು. ಮರುದಿನ ಇಂಡಕ್ಷನ್ ಒಲೆ ತಂದು ಮಹಡಿಯ ಮೇಲೆ ಬೇರೆ ಅಡುಗೆ ಶುರುಮಾಡಿದ. ತಾಯಿ ಒಂದು ಮಾತೂ ಆಡಲಿಲ್ಲ. ನನಗೆ ಫೋನ್ ಮಾಡಿದಾಗ ಮಾತ್ರ, "ನನ್ನ ಕೈಯಡುಗೆ ಅವನಿಗೆ ಎಂಜಲು ಆಯ್ತಲ್ಲೇ" ಅಂದು ಫೋನ್ ಇಟ್ಟರು.

ಕೃಷ್ಣ ದೇವರೋ ಅಲ್ಲವೋ ಎಂಬುದು ಆ ಮನೆಯನ್ನು ಒಡೆಯಲಿಲ್ಲ. ಆ ಸಾಲನ್ನೂ ನಾನು ಬರೆದಿದ್ದೆ, ಇಬ್ಬರೂ ಓದಿ ಮುಂದೆ ಹೋಗಿದ್ದರು, ಅದು ಅವರಿಗೆ ಗೊತ್ತಿದ್ದದ್ದೇ. ಒಡೆದದ್ದು ಇಬ್ಬರೂ ಒಂದೇ ರೀತಿ ನಡೆದುಕೊಳ್ಳುವ ಜಾಗ. ದೇವರಿಗೆ ಕೊಡದೆ ಉಣ್ಣಬಾರದು ಎಂಬ ಒಂದೇ ಶ್ರದ್ಧೆ ಇಬ್ಬರಲ್ಲಿದ್ದದ್ದರಿಂದಲೇ ಯಾರು ಮೊದಲು ಎಂಬ ಪ್ರಶ್ನೆ ಎದ್ದಿತು. ಒಬ್ಬರಿಗಾದರೂ ಆ ಶ್ರದ್ಧೆ ಇಲ್ಲದಿದ್ದರೆ ಜಗಳವೇ ಇರುತ್ತಿರಲಿಲ್ಲ. ಪಂಥಗಳನ್ನು ಹೋಲಿಸುವಾಗ ನಾವು ಮೇಷ್ಟ್ರುಗಳು ಭಿನ್ನತೆಯ ಕಡೆಗೇ ದೀಪ ಹಿಡಿಯುತ್ತೇವೆ. ಕಿಡಿ ಇದ್ದದ್ದು ನಾನು "ಸಮಾನ" ಎಂದು ಬರೆದು ಕೈಬಿಟ್ಟ ಸಾಲಿನಲ್ಲಿ.

ಶ್ರಾದ್ಧದ ಅಡುಗೆ ಯಾರು ಮಾಡಬೇಕು ಎಂಬುದು ಈಗ ಬಿಡಿಸಲಾಗದ ಗಂಟಾಯಿತು. ಅತ್ತೆ ಆಚಾರ್ರನ್ನು ಕರೆಸಿದರು. ಮಗ ಅವರ ಮುಂದೆ, ನಮ್ಮದೂ ಮಧ್ವರ ಪರಂಪರೆಯೇ, ಬ್ರಹ್ಮ ಮಧ್ವ ಗೌಡೀಯ ಸಂಪ್ರದಾಯ, ಚೈತನ್ಯ ಮಹಾಪ್ರಭುಗಳು ಉಡುಪಿಗೆ ಬಂದು ಕೃಷ್ಣನ ಮುಂದೆ ಕುಣಿದದ್ದು ಚೈತನ್ಯ ಚರಿತಾಮೃತದಲ್ಲಿ ಇದೆ ಎಂದ. ಆಚಾರ್ರು ನಕ್ಕು, "ಬಂದಿರಬಹುದಪ್ಪ. ಅದೇ ಪುಸ್ತಕದಲ್ಲಿ ನಮ್ಮ ತತ್ತ್ವವಾದಿಗಳ ಜೊತೆ ಅವರಿಗೆ ಒಪ್ಪಿಗೆ ಆಗಲಿಲ್ಲ ಅಂತಲೂ ಇದೆಯಲ್ಲ" ಅಂದರು. ಇದು ನಿಜ. ಕರ್ಮವನ್ನು ಕೃಷ್ಣನಿಗೆ ಅರ್ಪಿಸುವುದು ದೊಡ್ಡ ಸಾಧನ, ಮುಕ್ತಿಯೇ ಗುರಿ ಎಂದು ಉಡುಪಿಯವರು ಹೇಳಿದರೆ, ಶ್ರವಣ ಕೀರ್ತನವೇ ಸಾಧನ, ಪ್ರೇಮವೇ ಗುರಿ ಎಂದು ಚೈತನ್ಯರು ಹೇಳಿದ ಪ್ರಸಂಗ ಅಲ್ಲಿದೆ. ಪರಂಪರೆಯ ಆ ಕೊಂಡಿಯನ್ನು ಉಡುಪಿಯ ಕಡೆಯ ಹಲವರು ಒಪ್ಪುವುದೂ ಇಲ್ಲ. ಆದರೆ ಗೋಪೀಚಂದನದ ಗಡ್ಡೆಯೊಳಗೆ ಕೃಷ್ಣ ಸಿಕ್ಕಿದ ಕಥೆ ಎರಡು ಕಡೆಯೂ ಒಂದೇ. ಆಚಾರ್ರು ಆ ಕಥೆ ಹೇಳಲು ಶುರುಮಾಡಿದಾಗ ಹುಡುಗ ಉಳಿದದ್ದನ್ನು ಹೇಳಿ ಮುಗಿಸಿದ, ಅಪ್ಪ ಹೇಳುತ್ತಿದ್ದ ಧಾಟಿಯಲ್ಲೇ.

ಆಚಾರ್ರೇ ದಾರಿ ತೋರಿಸಿದರು. ಮನೆಯಲ್ಲಿ ಒಲೆಯೇ ಹಚ್ಚುವುದು ಬೇಡ, ಶ್ರಾದ್ಧವನ್ನು ಮಠದಲ್ಲಿ ಮಾಡೋಣ. ಅಲ್ಲಿ ಮಡಿಯಲ್ಲಿ ಅಡುಗೆಯಾಗಿ ವಿಷ್ಣುವಿಗೆ ನೈವೇದ್ಯವಾಗಿಯೇ ಪಿತೃಗಳಿಗೆ ಹೋಗುತ್ತದೆ, ಮಗನಿಗೆ ತಕರಾರಿಲ್ಲ. ದೊಡ್ಡಮ್ಮ ಏನು ಕೊಡಬಹುದು ಎಂದು ಕೇಳಿದ್ದಕ್ಕೆ, "ಹಸಿ ಪದಾರ್ಥ ಕೊಡಿ ತಾಯಿ. ಅಕ್ಕಿ, ಬೇಳೆ, ಎಳ್ಳು, ಬಾಳೆಕಾಯಿ. ಬೇಯಿಸದೇ ಇರೋದಕ್ಕೆ ಯಾರ ಮಡಿಯೂ ಇಲ್ಲ" ಅಂದರು. ಶಾಸ್ತ್ರದಲ್ಲಿ ಅಕ್ಕಿ ಕೊಟ್ಟೇ ಮುಗಿಸುವ ಆಮಶ್ರಾದ್ಧವೂ ಇದೆಯಂತೆ. ಮೊದಲ ವರ್ಷಕ್ಕೆ ಅದು ಬೇಡ ಎಂದು ಪಿಂಡಸಹಿತವೇ ಮಾಡಿಸಿದರು. ದೊಡ್ಡಮ್ಮ ಎರಡು ದಿನ ಕೂತು ಅಕ್ಕಿ ಆರಿಸಿದರು. ಮಠದಲ್ಲಿ ಅವರು ಉಣ್ಣಲಿಲ್ಲ, ಎರಡು ಬಾಳೆಹಣ್ಣು ತೆಗೆದುಕೊಂಡರು. ಗುರುವಾರ ಸೆಂಟರಿನ ಭೋಗ್‌ಗೆ ಹಣ್ಣನ್ನು ಮಗ ಯಶವಂತಪುರದ ಮಾರುಕಟ್ಟೆಯಿಂದ ತಂದುಕೊಟ್ಟ, ಒಳಗೆ ಹೋಗದೆ ಬಾಗಿಲಲ್ಲಿ ಚೀಲ ಕೊಟ್ಟು ಬಂದ.

ಎಲ್ಲ ಸರಿಹೋಯಿತು ಎಂದು ಬರೆಯಲಾರೆ. ಇಂಡಕ್ಷನ್ ಒಲೆ ಮಹಡಿಯ ಮೇಲೆಯೇ ಇದೆ. ಮೊದಲಿನ ಆ ಮೌನವನ್ನು ನಾನು ವಾಪಸ್ ತಂದುಕೊಡಲಾರೆ. ಅದಕ್ಕಾಗಿ ಇಬ್ಬರಲ್ಲೂ ಕ್ಷಮೆ ಕೇಳಿದ್ದೇನೆ. ದೊಡ್ಡಮ್ಮ ಡ್ರಾಮಾದಲ್ಲಿ ಇತ್ತು ಬಿಡು ಅಂದರು. ಮಗ ಏನೂ ಅನ್ನಲಿಲ್ಲ. ಈಗ ಅಂಥ ಪಾಠ ಮಾಡುವಾಗ ಎರಡು ಪಂಥಗಳ ಪಟ್ಟಿ ಬರೆಯುವ ಮೊದಲು, ಒಬ್ಬರು ಬೆಳಗ್ಗೆ ಎದ್ದಾಗಿನಿಂದ ಮಲಗುವತನಕ ಏನೇನು ಮುಟ್ಟುತ್ತಾರೆ, ಯಾರ ಕೈಯಿಂದ ತೆಗೆದುಕೊಳ್ಳುತ್ತಾರೆ ಎಂದು ವಿದ್ಯಾರ್ಥಿಗಳಿಂದ ಬರೆಸುತ್ತೇನೆ.

ಇಬ್ಬರಿಗೂ ಇನ್ನೊಂದು ಹೋಲಿಕೆಯಿದೆ, ಅದನ್ನು ನಾನು ತಡವಾಗಿ ಕಂಡೆ. ಎರಡು ಕಡೆಯೂ ತೀರಿಕೊಂಡ ಸ್ಥಾಪಕರೇ ಇವತ್ತಿಗೂ ಬೆಳಗ್ಗೆ ಮಾತಾಡುತ್ತಾರೆ. ಸೆಂಟರಿನಲ್ಲಿ ಕನ್ನಡದಲ್ಲಿ ಓದುವ ಸಾಕಾರ ಮುರಳಿ 1969ರ ಜನವರಿ 18ಕ್ಕೆ ದೇಹ ಬಿಟ್ಟ ಬ್ರಹ್ಮಾಬಾಬಾರ ಬಾಯಿಂದ ಬಂದದ್ದು, ಅವನ್ನೇ ಮತ್ತೆ ಮತ್ತೆ ಓದುತ್ತಾರೆ. ಹರೇಕೃಷ್ಣ ಗುಡ್ಡದಲ್ಲಿ ಇಂದಿಗೂ ದೀಕ್ಷಾಗುರು ಪ್ರಭುಪಾದರೇ, ಮಗ ರಾತ್ರಿ ಕೇಳುವುದು ಅವರ ಹಳೆಯ ಪ್ರವಚನಗಳನ್ನೇ. ಹೋದವರ ದನಿ ಕೇಳುವುದು ಆ ಮನೆಯಲ್ಲಿ ಯಾರಿಗೂ ಹೊಸದಲ್ಲ. ದೊಡ್ಡಪ್ಪ ವಾಟ್ಸಾಪಿನಲ್ಲಿ ಕಳಿಸಿದ್ದ ಧ್ವನಿ ಸಂದೇಶಗಳನ್ನು ಇಬ್ಬರೂ ಉಳಿಸಿಕೊಂಡಿದ್ದಾರೆ, ಒಬ್ಬರಿಗೊಬ್ಬರು ಹೇಳಿಲ್ಲ. ಈ ಸಲ ನಾನೂ ಹೇಳಲಿಲ್ಲ. ಇದನ್ನು ಓದಿದ ದಿನ ಅವರಿಗೇ ಗೊತ್ತಾಯಿತು.

ಭಾನುವಾರ ಬೆಳಗ್ಗೆ ದೊಡ್ಡಮ್ಮ ಹೆಸರುಬೇಳೆ ನೆನೆಹಾಕಿ, ಸೌತೆಕಾಯಿ ಹೆಚ್ಚಿ, ಕಾಯಿ ತುರಿದು ಕೋಸಂಬರಿಗೆ ಅಣಿ ಮಾಡುತ್ತಾರೆ. ಒಗ್ಗರಣೆ ಕೊಡುವುದಿಲ್ಲ. ಬೇಯಿಸಿದ್ದಲ್ಲ, ಯಾರಿಗೂ ಇನ್ನೂ ಇಟ್ಟದ್ದಲ್ಲ. ಎರಡು ಬಟ್ಟಲಿಗೆ ಹಾಕಿ ಒಂದನ್ನು ಮಹಡಿಯ ಮೆಟ್ಟಿಲ ಮೇಲೆ ಇಡುತ್ತಾರೆ. ಅವನು ಬಂದು ತೆಗೆದುಕೊಂಡು ಹೋಗುತ್ತಾನೆ. ಮೇಲಿನಿಂದ ಗಂಟೆಯ ಸದ್ದು ಕೇಳಿದ ಮೇಲೆ ದೊಡ್ಡಮ್ಮ ಉಪ್ಪು ನಿಂಬೆಹಣ್ಣು ಬೆರೆಸಿ, ತಮ್ಮ ಬಟ್ಟಲಿನ ಮುಂದೆ ಒಂದು ಗಳಿಗೆ ಸುಮ್ಮನೆ ಕೂರುತ್ತಾರೆ.